ನಾಲ್ಕು ಲೋಟ ನೀರು

ಕೆಲಸಕ್ಕೆ ಸೇರಿದ ಮೊದಲ ದಿನ, ಚಳಿಗಾಲದ ಬೆಳಿಗ್ಗೆ ಏಳು ಗಂಟೆಗೆ, ಆಸ್ಪತ್ರೆಯ ಪ್ರಯೋಗಾಲಯದ ಬೀಗ ತೆಗೆಯುವ ಮುಂಚೆಯೇ ಬಾಗಿಲ ಮುಂದೆ ಅತ್ತಿಂದಿತ್ತ ಓಡಾಡುತ್ತಿದ್ದವರನ್ನು ನಾನು ಯಾರೋ ರೋಗಿಯ ಕಡೆಯವರೆಂದು ತಿಳಿದೆ. ಮೂತ್ರದ ಸೋಂಕಿಗೆ ಕೊಟ್ಟ ಔಷಧ ಹಿಡಿಯುತ್ತಿದೆಯೋ ಇಲ್ಲವೋ ಎಂಬುದನ್ನು ಮೂತ್ರವನ್ನೇ ಕೇಳಿ ತಿಳಿಯುವ ವಿದ್ಯೆಯಲ್ಲಿ ಇಂದು ದೊಡ್ಡ ಹೆಸರಾಗಿ, ಈಗ ನಿವೃತ್ತರಾಗಿರುವ ನಮ್ಮ ಮೇಡಂ ಅವರೇ ಅವರು. ನಾನು ಅಲ್ಲಿದ್ದ ಇಪ್ಪತ್ತು ವರ್ಷದಲ್ಲಿ ಅವರು ಕುರ್ಚಿಗೆ ಬೆನ್ನು ಕೊಟ್ಟದ್ದನ್ನು ಕಂಡಿಲ್ಲ.

ವಾರ್ಡಿಗೆ ಬಾಟಲಿ ಹಂಚಿ, ತುಂಬಿದ್ದನ್ನು ಒಳಗೆ ತಲುಪಿಸುವ ಹಂಗಾಮಿ ನೌಕರಿ ನನ್ನದು. ಸೋಂಕಿದ್ದಾಗ ಮೂತ್ರದಲ್ಲಿ ಏರಿ, ವಾಸಿಯಾದಂತೆ ಇಳಿಯುವ ಒಂದು ಪ್ರೋಟೀನನ್ನು ಮೇಡಂ ದಿನವೂ ಅಳೆಯುತ್ತಿದ್ದರು. ಅವರು ಅದನ್ನು ಸೂಚಕ ಎನ್ನುತ್ತಿದ್ದರು. ನಾನು ಚಾಡಿಕೋರ ಎನ್ನುತ್ತಿದ್ದೆ.

ಆ ವರ್ಷವೇ ನನ್ನ ಅಕ್ಕ ಜ್ವರ, ಬೆನ್ನುನೋವೆಂದು ದಾಖಲಾದಳು. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಹುಟ್ಟಿನಿಂದ ಅವಳಿಗಿದ್ದದ್ದು ಒಂದೇ ಮೂತ್ರಪಿಂಡ. ಮೂರನೆಯ ದಿನ ಸೂಚಕ ಅರ್ಧಕ್ಕಿಂತ ಕೆಳಗಿಳಿಯಿತು. ವಾರ್ಡಿನ ಡಾಕ್ಟರು ನಾಳೆ ಮನೆಗೆ ಕಳಿಸೋಣ ಎಂದರು. ಅಕ್ಕ ಚೀಲ ಕಟ್ಟಿಟ್ಟಳು. ಮೇಡಂ ಮಾತ್ರ ಯಂತ್ರದಿಂದ ಕಿಟಕಿಗೆ, ಕಿಟಕಿಯಿಂದ ಯಂತ್ರಕ್ಕೆ ನಡೆದರು.

"ಒಂದೇ ದಿನಕ್ಕೆ ಇಷ್ಟು ಇಳಿಯೋಕೆ ಇದೇನು ಜಾರುಬಂಡೆನಾ?" ಎಂದು ಬಾಟಲಿಯನ್ನು ಬೆಳಕಿಗೆ ಹಿಡಿದರು. "ನೀರಿನ ಹಾಗಿದೆಯಲ್ಲ, ಬಾಟ್ಲಿಯಣ್ಣ. ಯಾರಾದ್ರೂ ನೀರು ಕುಡಿಸಿದ್ರಾ?"

ಗೊತ್ತಿಲ್ಲ ಎಂದೆ. ಕುಡಿಸಿದವನು ನಾನೇ. ಬಾಟಲಿ ಬೇಗ ತುಂಬಲೆಂದು ಎಲ್ಲರಿಗೂ ಒಂದು ಲೋಟ ಕೊಡುವುದು ನನ್ನ ರೂಢಿ. ಅಂದು ಬಾಟಲಿ ತುಂಬಿಸಲು ಅಕ್ಕ ಸಂಕಟಪಡುವುದನ್ನು ನೋಡಲಾರದೆ ಮೇಲೆ ಮೇಲೆ ಬಗ್ಗಿಸಿಕೊಟ್ಟಿದ್ದೆ. ಹೇಳಿದರೆ ನೌಕರಿ ಹೋದೀತು, ಹೇಳದಿದ್ದರೆ ಅಕ್ಕ? ನಾಲ್ಕು ಗಂಟೆಗೆ ಒಳಗೆ ಹೋದೆ.

"ನಾನೇ ಮೇಡಂ. ನಾಲ್ಕು ಲೋಟ."

"ಸರಿಯಾಗಿ ನಾಲ್ಕೇನಾ?"

"ಎಣಿಸಿದೀನಿ."

"ಸದ್ಯ, ಅಳತೆ ಇಟ್ಟವರು ಒಬ್ಬರಾದ್ರೂ ಇದ್ದಾರಲ್ಲ. ಕೂತ್ಕೊಳ್ಳಿ," ಎಂದವರೇ ವಾರ್ಡಿಗೆ ಓಡಿದರು. ಅಲ್ಲಿನ ಡಾಕ್ಟರಿಗೆ, "ಬಾಟ್ಲಿ ಸುಳ್ಳು ಹೇಳಿಲ್ಲ, ಡಾಕ್ಟ್ರೇ. ನಾವೇ ನೀರು ಬೆರೆಸಿ ಕೇಳಿದ್ವಿ. ಒಂದು ದಿನ ಇರಿಸ್ಕೊಳ್ಳಿ," ಎಂದರು.

ಮರುದಿನ ಎದ್ದೊಡನೆ, ತೊಟ್ಟು ನೀರೂ ಮುಟ್ಟದೆ ಅಕ್ಕ ಕೊಟ್ಟ ಬಾಟಲಿಯಲ್ಲಿ ಸೂಚಕ ಮೊದಲ ದಿನದಷ್ಟೇ ಮೇಲಿತ್ತು. ಔಷಧ ಹಿಡಿದೇ ಇರಲಿಲ್ಲ. ಬೇರೆ ಔಷಧ ಶುರುವಾಯಿತು. ಸೂಚಕ ಇಳಿಯುವವರೆಗೆ ವಾರ್ಡಿನ ಉದ್ದನೆಯ ಪಡಸಾಲೆಯಲ್ಲಿ ಮೇಡಂ ಒಂದು ಕಡೆ, ನಾನೊಂದು ಕಡೆ ನಡೆದದ್ದೇ ನಡೆದದ್ದು.

ಅಂದಿನಿಂದ ಮೇಡಂ ಪ್ರತಿ ಬಾಟಲಿಯಲ್ಲೂ ಮೂತ್ರ ಎಷ್ಟು ತೆಳುವಾಗಿದೆ ಎಂಬುದನ್ನು ಅಳೆದು, ಅದಕ್ಕೆ ತಕ್ಕಂತೆ ಸೂಚಕವನ್ನು ಓದಿದರು. ಸಭೆಗಳಲ್ಲಿ ಅದನ್ನು ನಮ್ಮ ತಪ್ಪು ಎಂದರೇ ಹೊರತು ನನ್ನತ್ತ ಬೆರಳು ತೋರಲಿಲ್ಲ. ಎಷ್ಟು ಲೋಟ ಕುಡಿದಿರಿ ಎಂದು ಕೇಳಿ ಬರೆದುಕೊಳ್ಳುವ ಕೆಲಸವನ್ನು ನನಗೇ ವಹಿಸಿ, ನೌಕರಿ ಕಾಯಂ ಮಾಡಿಸಿದರು.

ಕೂರಲು ಬಾರದ ಈ ತಾಯಿಗೆ ನಡೆಯಲು ಇನ್ನೂ ಬಹಳ ವರ್ಷ, ತಲೆ ಕೆಡಿಸಿಕೊಳ್ಳಲು ಇನ್ನೂ ಬಹಳ ಬಾಟಲಿ ಸಿಗಲಿ.

ಅಕ್ಕ ಗುಣವಾಗಿ ಹೊರಟದ್ದು ಹನ್ನೆರಡನೆಯ ದಿನ, ಗುರುವಾರ; ಗೇಟಿನವರೆಗೆ ಅವಳ ಚೀಲ ಹಿಡಿದು ಬಂದವರು ಮೇಡಂ. ಮೇಡಂ ನಿವೃತ್ತರಾಗಿ ಹೊರಟದ್ದು ಮೊನ್ನೆ ಶನಿವಾರ. ಚೀಲ ಹಿಡಿದವಳು ಅಕ್ಕ.