ಅಕ್ಕನ ಹೆಬ್ಬೆರಳಿನ ನರ

ನನ್ನ ಅಕ್ಕನ ಹೆಬ್ಬೆರಳಿನ ನರ ಕಿತ್ತುಹೋದದ್ದು ಬಳೆಗಾರ್ತಿ ನೀಲಮ್ಮನವರಿಂದಲ್ಲ, ನನ್ನಿಂದ. ನಾನು ಡಾಕ್ಟರು. ನನಗೆ ಗೊತ್ತಿತ್ತು — ಗೊತ್ತಿದ್ದೂ ತಪ್ಪನ್ನು ಅವರ ತಲೆಗೆ ಕಟ್ಟಿದೆ. ಇದನ್ನು ಬರೆಯಬೇಡ ಎಂದು ಮನೆಯವರು ದುಂಬಾಲು ಬಿದ್ದಿದ್ದಾರೆ. ಬರೆಯುತ್ತೇನೆ. ಯಾರು ಏನು ಮಾಡಿಕೊಳ್ಳುತ್ತಾರೋ ಮಾಡಿಕೊಳ್ಳಲಿ.

ಅಕ್ಕ ವಿನೋಬನಗರದಲ್ಲಿ ಬ್ಲೌಸ್ ಹೊಲಿಯುತ್ತಾಳೆ. ದಿನವಿಡೀ ಕತ್ತರಿ ಹಿಡಿದು ಅವಳ ಹೆಬ್ಬೆರಳಿನ ಬುಡ ನೋಯತೊಡಗಿತ್ತು. ಬೇಕಿದ್ದದ್ದು ವಿಶ್ರಾಂತಿ. ಆದರೆ ಹಿರಿಮಗಳ ಮದುವೆ ಹತ್ತಿರ ಬಂದಿತ್ತು, ಗಿರಾಕಿಗಳ ಬಟ್ಟೆ ರಾಶಿ ಬಿದ್ದಿತ್ತು. "ಒಂದು ಸೂಜಿ ಚುಚ್ಚಿಬಿಡೇ. ಮದ್ವಿ ಮುಗೀಲಿ, ಆಮ್ಯಾಲೆ ಸುಮ್ನೆ ಕುಂತ್ಕಂತೀನಿ" ಎಂದಳು. ನನ್ನ ಕ್ಲಿನಿಕ್ಕಿನಲ್ಲೇ ಸ್ಟೀರಾಯ್ಡ್ ಚುಚ್ಚಿದೆ. ನೋವು ಹೋಯಿತು. ಮತ್ತೆ ಬಂತು, ಮತ್ತೆ ಚುಚ್ಚಿದೆ. ಆಮೇಲೆ ಮತ್ತೂ — ಇನ್ನು ಸಾಕು ಅನ್ನುವುದು ನನ್ನ ಕೆಲಸವಾಗಿತ್ತು. ಅನ್ನಲಿಲ್ಲ. ಊರಿಗೆಲ್ಲ ಪಥ್ಯ ಹೇಳುವ ನನಗೆ ಅಕ್ಕನ ಮುಂದೆ ಬಾಯಿ ಬರಲಿಲ್ಲ.

ಮದುವೆಗೆ ಮುಂಚೆ ಮನೆಯ ಹೆಂಗಸರಿಗೆಲ್ಲ ಬಳೆ ಇಡಿಸುವ ದಿನ ಹರಿಹರದಿಂದ ನೀಲಮ್ಮ ಬಂದರು. ನಮ್ಮ ಅಮ್ಮನ ಕಾಲದಿಂದಲೂ ನಮ್ಮ ಮನೆಗೆ ಅವರೇ. ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಕೈಯನ್ನು ಮೆತ್ತಗೆ ಹಿಚುಕಿ, ಬಿಗಿಯಾದ ಗಾಜಿನ ಬಳೆಯನ್ನು ದಾಟಿಸಿಬಿಡುತ್ತಿದ್ದರು. ಸಡಿಲ ಬಳೆ ನಮ್ಮ ಹೆಂಗಸರಿಗೆ ಒಗ್ಗುವುದಿಲ್ಲ. ಅಕ್ಕನ ಕೈಗೆ ಹಸಿರು ಬಳೆ ದಾಟುವಾಗ ಟಪ್ ಎಂದಿತು. ಬಳೆ ಒಡೆಯಿತೆಂದುಕೊಂಡೆವು. ಬಳೆ ನೆಟ್ಟಗಿತ್ತು. ಅಕ್ಕನ ಹೆಬ್ಬೆರಳು ಜೋತುಬಿದ್ದಿತ್ತು, ಎತ್ತಲು ಆಗಲಿಲ್ಲ.

"ನಾನು ಜೋರು ಮಾಡಿಲ್ರವ್ವ, ದೇವ್ರಾಣಿಗೂ. ದಿನಾ ಮಾಡಿದಂಗೇ ಮಾಡೀನಿ" ಎಂದು ನೀಲಮ್ಮ ಎಲ್ಲರ ಮುಖ ನೋಡಿದರು. ನನ್ನ ಮುಖವನ್ನೂ.

ಆಪರೇಷನ್ ಮಾಡುವಾಗ ನಾನು ಪಕ್ಕದಲ್ಲೇ ಇದ್ದೆ. ಸ್ನಾಯುವನ್ನು ಮೂಳೆಗೆ ಕಟ್ಟಿಹಿಡಿಯುವ ಈ ಹುರಿಯನ್ನು ಜನ ನರ ಅನ್ನುತ್ತಾರೆ, ನಾವು ಸ್ನಾಯುರಜ್ಜು ಅನ್ನುತ್ತೇವೆ. ಗಟ್ಟಿಮುಟ್ಟಾಗಿದ್ದರೆ ಬೆಳ್ಳಗೆ ಹೊಳೆಯುತ್ತದೆ. ಅಕ್ಕನದು ಮಂಕಾಗಿ, ಹಳದಿಗೆ ತಿರುಗಿ, ಹಳೆ ಬಟ್ಟೆಯ ಹಾಗೆ ಪಿಸಿದುಹೋಗಿತ್ತು. ಅದರ ಒಂದು ಚೂರನ್ನು ಗೆಳತಿಯ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನಡಿ ನಾನೇ ನೋಡಿದೆ. ಕೊಲಾಜನ್ ಎಳೆಗಳು ಮಗ್ಗದ ಹಾಸುನೂಲಿನಂತೆ ಒಂದೇ ದಿಕ್ಕಿಗೆ ಬಿಗಿಯಾಗಿ ಸಾಗಬೇಕು. ಇಲ್ಲಿ ದಪ್ಪ ಎಳೆಗಳಿರಬೇಕಾದ ಜಾಗದಲ್ಲಿ ಸಣಕಲು ಎಳೆಗಳು ದಿಕ್ಕುದೆಸೆಯಿಲ್ಲದೆ ಚೆಲ್ಲಿದ್ದವು, ನಡುನಡುವೆ ಲೋಳೆ. ಇದು ಒಂದು ದಿನದಲ್ಲಿ, ಒಂದು ಎಳೆತಕ್ಕೆ ಆಗುವ ಕೆಲಸವಲ್ಲ. ಕತ್ತರಿ ಅದನ್ನು ತಿಂಗಳುಗಟ್ಟಲೆ ಸವೆಸಿತ್ತು. ನಿಲ್ಲಿಸು ಎಂದು ನೋವು ಹೇಳುತ್ತಲೇ ಇತ್ತು — ಅದರ ಬಾಯಿ ಮುಚ್ಚಿಸಿ, ಉಳಿದ ಎಳೆಗಳನ್ನೂ ಸೊರಗಿಸಿದ್ದು ನನ್ನ ಸೂಜಿ. ಯಾರಾದರೂ ಆ ಬೆರಳನ್ನು ಮಡಿಸುವುದಷ್ಟೇ ಬಾಕಿಯಿತ್ತು.

ಮನೆಗೆ ಬಂದಾಗ ಭಾವ ಕೇಳಿದರು: "ಏನು ಡಾಕ್ಟ್ರಮ್ಮ, ಆ ಹೆಂಗ್ಸು ಎಳ್ದಿದ್ಕೇ ಕಿತ್ತಿದ್ದಲ್ಲ ಇದು?"

"ಹೂನ್ರಿ ಭಾವ, ಜೋರಾಗಿ ಎಳ್ದಾರೆ."

ಅಷ್ಟೇ ಮಾತು. ಮದುವೆಮನೆಯಲ್ಲಿ ಇನ್ನೊಬ್ಬರ ನರ ಕಿತ್ತ ಕೈ ಎಂದಮೇಲೆ ನೀಲಮ್ಮನವರನ್ನು ಯಾರು ಶುಭಕಾರ್ಯಕ್ಕೆ ಕರೆಯುತ್ತಾರೆ? ಮೊದಲು ನಮ್ಮ ನೆಂಟರು ಬಿಟ್ಟರು, ಆಮೇಲೆ ಆ ನೆಂಟರ ನೆಂಟರು. ಸುದ್ದಿ ಹರಿಹರಕ್ಕೂ ಹೋಯಿತು. ಬಸುರಿಯರ ಕುಬುಸಕ್ಕೂ ಕರೆಯಿಲ್ಲ, ಮದುವೆಗೂ ಇಲ್ಲ. ನನ್ನ ಕಿವಿಗೆ ಎಲ್ಲವೂ ಬೀಳುತ್ತಿತ್ತು, ನಾನು ಸುಮ್ಮನಿದ್ದೆ.

ವರ್ಷಗಳು ಕಳೆದು ಈಗ ಅಕ್ಕನ ಎರಡನೇ ಮಗಳ ಮದುವೆ. ಬಳೆಗೆ ಬೇರೆಯವರನ್ನು ಗೊತ್ತುಮಾಡಿದ್ದಾರೆ. "ಆ ನೀಲಮ್ಮನ ಕೈ ಆಗಿ ಬರಾಕಿಲ್ಲ ಬಿಡು" ಎಂದು ಅಕ್ಕ ಅಂದಾಗ ನನಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಅಕ್ಕ ಎದ್ದು ಒಳಗೆ ಹೋದಳು. ಇಂದಿಗೂ ನನ್ನೊಡನೆ ಸರಿಯಾಗಿ ಮಾತಿಲ್ಲ. ಭಾವ ಮಾತ್ರ, "ಆಗಿದ್ದು ಆಗೋಯ್ತು, ಯಾಕ ಕೆದಕ್ತೀಯ? ನಾಳೆ ನಿನ್ನ ಕ್ಲಿನಿಕ್ಕಿಗೆ ಯಾರು ಬರ್ತಾರೆ?" ಎಂದರು. ಬರದಿದ್ದರೆ ಬೇಡ! ಒಬ್ಬರ ಅನ್ನ ಕಿತ್ತುಕೊಂಡವಳ ಕ್ಲಿನಿಕ್ಕು ಖಾಲಿ ಬಿದ್ದರೆ ಬೀಳಲಿ. ಯಾವ ಡಾಕ್ಟರಿಗಾದರೂ ಆಗಬಹುದಿತ್ತು ಎಂದು ಲ್ಯಾಬಿನ ಗೆಳತಿ ಸಮಾಧಾನ ಹೇಳುತ್ತಾಳೆ. ಸೂಜಿಯ ತಪ್ಪು ಆಗಬಹುದು. ಸುಳ್ಳು ತಾನಾಗಿ ಆಗುವುದಿಲ್ಲ, ಅದನ್ನು ನಾನೇ ಬಾಯಿಬಿಟ್ಟು ಹೇಳಿದ್ದು.

ಮೊನ್ನೆ ಹರಿಹರಕ್ಕೆ ಹೋಗಿ ನೀಲಮ್ಮನವರ ಮುಂದೆ ನಿಂತು ಎಲ್ಲ ಹೇಳಿದೆ. ಬಯ್ಯಲಿ, ಬಾಗಿಲು ಹಾಕಿಕೊಳ್ಳಲಿ ಎಂದುಕೊಂಡೇ ಹೋಗಿದ್ದೆ. ಅವರು ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟು ನೋಡಿಕೊಂಡರು.

"ಇಷ್ಟು ವರ್ಷ ನನ್ನ ಕೈಯೇ ಕೆಟ್ಟದ್ದು ಅಂತ ನಾನೂ ನಂಬಿದ್ದೆ ಕಣಮ್ಮ" ಎಂದರು. "ನನ್ನ ಮಗಳ ಮದ್ವ್ಯಾಗೆ ಅವಳಿಗೆ ನಾನು ಬಳೆ ಇಡ್ಲಿಲ್ಲ. ಬ್ಯಾರೇರನ್ನ ಕರ್ಸಿ ಇಡ್ಸಿದೆ."

ಕ್ಷಮೆ ಕೇಳಲು ಬಾಯಿ ತೆರೆದವಳು — ಕೇಳಲಿಲ್ಲ. ಅದನ್ನು ಕೇಳುವ ಮುಖ ನನಗಿರಲಿಲ್ಲ. ಈ ಮದುವೆಯ ಬಳೆ ಇಡಿಸುವ ದಿನ ನೆಂಟರ ಹೆಂಗಸರೆಲ್ಲ ಕೂತಿರುವಾಗ ಎದ್ದು ನಿಂತು ಇದನ್ನೇ ಹೇಳುತ್ತೇನೆ, ಭಾವ ತಡೆದರೂ, ಕರೆದರೂ ನೀಲಮ್ಮ ಬಾರದೇ ಹೋದರೂ.