ದೇವರ ಜಗಲಿ ಏರಿದ ಔಷಧಿ

ಆಗ ನನಗ ಅರವತ್ತೆಂಟು. ಅದಾಗಿ ನಾಕು ವರ್ಷ ಆತು. ಮಮ್ಮಗಳ ಮದಿವಿ ಗೊತ್ತಾಗಿತ್ತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಮೂರೂ ಊರಿನ ಬೀಗರು-ಬಳಗದವ್ರನ್ನ ಕರಿಯಾಕ ನಾನ ಹೋಗತೀನಿ ಅಂತ ಹೇಳಿಬಿಟ್ಟಿದ್ದೆ.

ನಮ್ಮ ನೇಕಾರ ಮಂದ್ಯಾಗ ಮನಿ ಹಿರ್ಯಾರು ಖುದ್ದ ಹೋಗಬೇಕು. ಕುಂಕಮ ಹಚ್ಚಿ, ಕೈಯಾಗ ಅಕ್ಕಿಕಾಳು ಹಾಕಿ, "ಬರ್ರಿ" ಅನಬೇಕು. ಹಂಗಂದ್ರನ ಕರದಂಗ. ಫೋನಿನ್ಯಾಗ ಪತ್ರಿಕಿ ಕಳಿಸಿದ್ರ ಮಂದಿ ನೋಡತಾರ, ಛಲೋ ಐತಿ ಅಂತಾರ, ಬರೂದಿಲ್ಲ.

ಸೊಸಿ ಬ್ಯಾಡ ಅಂದ್ಲು. ಮುಂಡರಗಿಯಾಗ ಇರಾಂವ ಆಕಿ ಅಣ್ಣ, ಮದುಮಗಳ ಸೋದರಮಾವ. ಆತನ್ನ ಬಿಟ್ಟು ಮದಿವಿ ನಡಿಯೂದಿಲ್ಲ.

"ಅಣ್ಣಗ ನಾ ಹೇಳತೀನ್ರಿ ಅತ್ತಿ. ಈ ಬಿಸಲಾಗ ನೀವು ಬಸ್ ಹತ್ತತೀರಿ. ನಿಮ್ಮ ಇನ್ಸುಲಿನ್ ಏನು ಮಾಡತೀರಿ?"

ಕೇಳಿದ್ದು ಖರೆ ಮಾತು. ನನಗ ಸಕ್ಕರಿ ಕಾಯಿಲಿ. ಮುಂಜಾನಿ ಒಮ್ಮೆ, ಸಂಜಿಕ ಒಮ್ಮೆ ಉಣ್ಣೂಕ್ಕಿಂತ ಮೊದಲ ಹೊಟ್ಟಿಗೆ ಸೂಜಿ ಚುಚ್ಚಿಕೋತೀನಿ. ಆ ಔಷಧಿ ತಂಪಿನ್ಯಾಗ ಇರಬೇಕು. ಅದರ ಹಿಂದಿನ ಬ್ಯಾಸಿಗ್ಯಾಗ ಬಾಟ್ಲಿ ಕಿಡಕ್ಯಾಗ ಉಳದು ಬಿಸಲಿಗೆ ಕಾದಿತ್ತು. ಗೊತ್ತಿಲ್ಲದ ಅದನ್ನ ಚುಚ್ಚಿಕೊಂಡೆ. ಬಾಯಿ ಒಣಗಿತು, ಕಣ್ಣು ಮಂಜಾತು, ಮಗ್ಗದ ಬಾಜೂಕ ಬಿದ್ದೆ. ಗದಗ ದವಾಖಾನ್ಯಾಗ ಡಾಕ್ಟರು, "ಅಜ್ಜಿ, ಕಾದಿದ್ದು ನೀರಿಗೆ ಸಮ, ಬರ್ಫ ಆಗಿದ್ದೂ ನೀರಿಗೆ ಸಮ" ಅಂದ್ರು. ಒಮ್ಮೆ ಕೇಳಿದೆ, ಸಾಕಾತು.

ಬರ್ಫಿನ ಡಬ್ಬಿ ಒಯ್ರಿ ಅಂದ್ಲು ಸೊಸಿ. ನಾ ಒಲ್ಲೆ ಅಂದೆ. ಬೆಟಗೇರಿಯಾಗ ಮಗ್ಗದ ಮನ್ಯಾಗ ಹುಟ್ಟಿದಾಕಿ ನಾ. ಬ್ಯಾಸಿಗ್ಯಾಗ ಒಣಗಿದ ನೂಲು ಪಟಪಟ ಹರಿತೈತಿ. ಅದಕ್ಕ ನೂಲು ಸುತ್ತಿದ ಕಂಡಿಕಿಗಳನ್ನ ಮಣ್ಣಿನ ಗಡಿಗ್ಯಾಗ ಇಟ್ಟು, ಮ್ಯಾಲೆ ಹಸಿ ಅರಿವಿ ಸುತ್ತತೀವಿ. ಹೊರಗ ಬೆಂಕಿ ಸುರಿದ್ರೂ ಒಳಗ ತಂಪು. ನೂಲು ಉಳದ್ರ ಔಷಧಿ ಯಾಕ ಉಳಿಯೂದಿಲ್ಲ?

ಸಣ್ಣ ಗಡಿಗಿ ತಗೊಂಡೆ. ಬಾಟ್ಲಿ, ಸೂಜಿ ಎಲ್ಲಾ ಬಿಗಿ ಮುಚ್ಚಳದ ಡಬ್ಬ್ಯಾಗ ಹಾಕಿ ಒಳಗಿಟ್ಟೆ. ಸುತ್ತಾಕ ಸೀರಿ ನೇಯ್ದು ಉಳದ ಕೆಂಪು ತುಂಡು ಸಿಕ್ಕಿತು, ತೊಯಿಸಿ ಸುತ್ತಿದೆ. ಒಂದು ಕೈ ಬಸ್ಸಿನ ಕಂಬಿ ಹಿಡಿಯಾಕ ಬೇಕಲ್ಲ, ಅದಕ್ಕ ಕುಂಕಮದ ಬಟ್ಟಲ, ಅಕ್ಕಿಕಾಳಿನ ಗಂಟು ಎರಡೂ ಗಡಿಗಿ ಕೊರಳಿಗೆ ಕಟ್ಟಿದೆ.

ಲಕ್ಷ್ಮೇಶ್ವರದ ಬಸ್ಸಿನ್ಯಾಗ ನನ್ನ ಬಾಜೂಕ ಶಿಗ್ಲಿಗೆ ಹೊಂಟ ಹೆಣ್ಣಮಗಳು ಕುಂತಿದ್ಲು. ನಾ ಹಸಿ ಅರಿವಿ ಮ್ಯಾಲೆ ನೀರು ಚಿಮಕಸೂದು ನೋಡಿ ಕೈ ಮುಗದ್ಲು.

"ಯಾವ ದೇವ್ರು ಯವ್ವಾ?"

"ದೇವ್ರಲ್ಲ. ಇನ್ಸುಲಿನ್."

"ಯಾ ಊರಾಗ ಐತಿ ಗುಡಿ?"

"ಮೆಡಿಕಲ್ ಅಂಗಡ್ಯಾಗ" ಅಂದೆ. ಇಡೀ ಬಸ್ಸು ನಕ್ಕಿತು. ಆಕಿನೂ ನಕ್ಲು. ಆದ್ರೂ ಇಳಿಯೂಮುಂದ ಗಡಿಗಿ ಮುಟ್ಟಿ ಕಣ್ಣಿಗೊತ್ತಿಕೊಂಡ ಇಳದ್ಲು.

ಲಕ್ಷ್ಮೇಶ್ವರದಾಗ ಏನೂ ತ್ರಾಸ ಆಗಲಿಲ್ಲ. ಕರದೆ, ಮಜ್ಜಿಗಿ ಕುಡದೆ, ಮುಂದಿನ ಬಸ್ ಹಿಡದೆ.

ಶಿರಹಟ್ಟಿಯಾಗ ನನ್ನ ತಮ್ಮನ ಮನಿ. ತಮ್ಮ ಊರಾಗ ಇರಲಿಲ್ಲ, ಅವನ ಹೆಂಡತಿ ಇದ್ಲು. ನನಗಿಂತ ಸಣ್ಣಾಕಿ, ಮಾತಿಗೆ ಮಾತ್ರ ದೊಡ್ಡಾಕಿ. ಆಕಿ ಹಣಿಗೆ ಕುಂಕಮ ಹಚ್ಚಿ ಕರದೆ. ಉಂಡೆ. ಗಡಿಗಿ ನೀರಿನ ಕೊಡದ ಬಾಜೂಕ ನೆರಳಿಗೆ ಇಟ್ಟು, ಹಾಸಗಲ್ಲಿನ ಮ್ಯಾಲೆ ಅಡ್ಡಾದೆ. ಮರುದಿನ ಮುಂಡರಗಿಗೆ ಹೋಗೂದಿತ್ತು.

ಎಚ್ಚರಾದಾಗ ಊದಿನಕಡ್ಡಿ ವಾಸನಿ. ಕೊಡದ ಬಾಜೂಕ ಗಡಿಗಿ ಇಲ್ಲ.

ಇತ್ತು, ದೇವರ ಜಗಲಿ ಮ್ಯಾಲೆ. ಎಡಕ್ಕೊಂದು ಬಲಕ್ಕೊಂದು ದೊಡ್ಡ ದೀಪದ ಸಮೆ ಧಗಧಗ ಉರಿಯಾಕ ಹತ್ತಿದ್ವು. ಗಡಿಗಿಗೆ ಅರಿಷಿಣ, ವಿಭೂತಿ, ಮಲ್ಲಿಗಿ ದಂಡಿ. ನಮ್ಮ ಮದಿವ್ಯಾಗ ಕುಂಬಾರರ ಮನಿಯಿಂದ ಐರಣಿ ಅಂತ ಗಡಿಗಿ ತಂದು ಪೂಜಾ ಮಾಡತೀವಿ. ಕೆಂಪು ಅರಿವಿ, ಕುಂಕಮ, ಅಕ್ಕಿಕಾಳು ನೋಡಿ ಆಕಿ ಇದು ಐರಣಿ ಅಂತ ತಿಳದಾಳ. ಐರಣಿ ನೆಲದ ಮ್ಯಾಲೆ ಇಡಬಾರದು ಅಂತ ಏರಸ್ಯಾಳ.

ಅರಿವಿ ಮುಟ್ಟಿದೆ. ಹಪ್ಪಳದಂಗ ಒಣಗಿತ್ತು. ಒಳಗಿನ ಡಬ್ಬಿ, ಈಗರೆ ಚಾ ಸೋಸಿದ ಕಪ್ಪಿನಂಗ ಬಿಸಿ.

"ಇದನ್ನ ಎಷ್ಟೊತ್ತಿನಿಂದ ಇಟ್ಟೀಯ?"

"ನೀವು ಮಲಗಿದಾಗಿಂದ. ಯಾಕ ಯಕ್ಕಾ?"

"ನಿನ್ನ ತಲಿ. ಒಳಗ ನನ್ನ ಔಷಧಿ ಐತಿ."

ಬಾಟ್ಲಿ ಬೆಳಕಿಗೆ ಹಿಡದು ನೋಡಿದೆ. ಮುಂಜಾನಿ ಹೆಂಗಿತ್ತೋ ಹಂಗ ಇತ್ತು. ಕೆಟ್ಟ ಹಾಲು ಒಡದು ತೋರಸತೈತಿ. ಇದು ಒಡಿಯೂದಿಲ್ಲ, ನಾರೂದಿಲ್ಲ, ಏನೂ ಹೇಳೂದಿಲ್ಲ. ಸಂಜಿ ಸೂಜಿ ಹೊತ್ತು ಬರಾಕ ಹತ್ತಿತ್ತು. ಇದನ್ನ ಚುಚ್ಚಿಕೊಂಡು ಮತ್ತ ಬಿದ್ರ ಮುಂಡರಗಿ ಇಲ್ಲ, ಮದಿವಿನೂ ನಾ ನೋಡತೀನೋ ಇಲ್ಲೋ. ಮನಿಗೆ ಫೋನ್ ಹಚ್ಚಿದ್ರ ಮಗ ಬಂದು ಕರಕೊಂಡ ಹೋಗತಾನ. ಆಗನೂ ಮುಂಡರಗಿ ಇಲ್ಲ.

ತಮ್ಮನ ಹೆಂಡತಿ ಬಾಗಲಾ ಹಿಡಕೊಂಡ ನಿಂತಿದ್ಲು. "ದೇವರ ಮುಂದ ಇಟ್ಟದ್ದು ಕೆಡತೈತೇನು ಯಕ್ಕಾ?"

"ದೇವರ ಮುಂದ ಇಟ್ಟ ಹಾಲು ಒಡಿಯೂದಿಲ್ಲೇನು?"

"ಹಾಲು ಬ್ಯಾರೆ, ಇದು ಬ್ಯಾರೆ. ಅದಕ್ಕ ಮಂಗಳಾರತಿ ಮಾಡೀನಿ. ನೀವು ಅದನ್ನ ಚೆಲ್ಲಿದ್ರ ನನ್ನ ಪೂಜಿ ಚೆಲ್ಲಿದಂಗ. ನಾ ಮದಿವಿಗೆ ಬರೂದಿಲ್ಲ ನೋಡ್ರಿ."

"ಬರಬ್ಯಾಡ. ಬದುಕಿದ್ರ ಮುಂದಿನ ಮದಿವಿಗೆ ಕರೀತೀನಿ."

ಆಕಿ ಮಾರಿ ಊದಿಸಿದ್ಲು. ನಾ ಚಪ್ಪಲಿ ಮೆಟ್ಟಿದೆ. ಗಡಿಗಿ ದಂಡಿ ಸಮೇತ ತೊಯಿಸಿ ಕಂಕಳಾಗ ಇಟಗೊಂಡು ಮೆಡಿಕಲ್ ಅಂಗಡಿ ಕಡೆ ಹೊಂಟೆ. ಬಿಸಲು ಇನ್ನೂ ಇಳದಿದ್ದಿಲ್ಲ. ಓಣಿ ತಿರವಿನ್ಯಾಗ ಹಿಂದಿನಿಂದ ನನ್ನ ತಲಿ ಮ್ಯಾಲೆ ನೆರಳು ಬಂತು. ನೋಡತೀನಿ, ಆಕಿ ಛತ್ರಿ ಹಿಡದಾಳ. ಮಾರಿ ಆ ಕಡೆ, ಛತ್ರಿ ಈ ಕಡೆ.

"ಬಿಸಲಾಗ ಬಿದ್ರ ನನ್ನ ಮ್ಯಾಲೆ ಬರತೈತಿ. ಅದಕ್ಕ ಬಂದೀನಿ" ಅಂದ್ಲು.

"ಬಾ. ಮಾತ ಮಾತ್ರ ಆಡಬ್ಯಾಡ."

ಮೆಡಿಕಲ್ ಅಂಗಡಿಯಾಂವ ಡಾಕ್ಟರ ಚೀಟಿ ನೋಡಿದ. ನನಗ ಓದಾಕ ಅಷ್ಟಕ್ಕಷ್ಟ, ಆದ್ರ ಸೀರಿ ಅಂಚಿನ್ಯಾಗ ಒಂದು ಎಳಿ ತಪ್ಪಿದ್ರ ಹೇಳೂ ಕಣ್ಣು ಇವು. ಹಳಿ ಬಾಟ್ಲಿ, ಹೊಸಾ ಬಾಟ್ಲಿ ಬಾಜೂಬಾಜೂ ಇಡಿಸಿ ಅಕ್ಷರಕ್ಕ ಅಕ್ಷರ ಕೂಡಿಸಿ ನೋಡಿದೆ. ಅದ ಔಷಧಿ. ಕಾದಿದ್ದನ್ನ ಚುಚ್ಚಿಕೊಳ್ಳಲೇನು ಅಂತ ಆಕಿ ಎದರಿಗೆ ಬೇಕಂತನ ಕೇಳಿದೆ.

"ಬ್ಯಾಡ್ರಿ ಅಜ್ಜಿ. ಕೆಟ್ಟೈತೋ ಇಲ್ಲೋ ನನಗೂ ಗೊತ್ತಾಗೂದಿಲ್ಲ. ಗೊತ್ತಾಗದ್ದನ್ನ ಮೈಯಾಗ ಹಾಕೋಬ್ಯಾಡ್ರಿ" ಅಂದ.

ನಾ ಆಕಿ ಕಡೆ ತಿರುಗಿ ನೋಡಿದೆ. ಆಕಿ ಅಂಗಡಿ ಗಡಿಯಾರ ನೋಡಾಕ ಹತ್ತಿದ್ಲು.

ಹೊಸಾ ಬಾಟ್ಲಿ ಒಳಗಿಡಾಕ ಗಡಿಗಿ ಎತ್ತಿ ಕಟ್ಟಿ ಮ್ಯಾಲೆ ಇಟ್ಟೆ. ಅಂಗಡಿಯಾಂವ ದಡಕ್ಕನ ಎದ್ದ, ಕಾಲಾಗಿನ ಚಪ್ಪಲಿ ಬಿಟ್ಟ.

"ಅಯ್ಯ, ಐರಣಿ ಹಿಡಕೊಂಡ ಔಷಧಿ ತರಾಕ ಬಂದೀರಲ್ರಿ! ಮನ್ಯಾಗ ಬ್ಯಾರೆ ಯಾರೂ ಇದ್ದಿದ್ದಿಲ್ಲೇನು?"

"ಕೇಳಿದ್ರೇನು!" ಆಕಿ ಛತ್ರಿ ನೆಲಕ್ಕ ಬಡದ್ಲು. "ಕೇಳಿದ್ರೇನು ಯಕ್ಕಾ! ಇವ್ರು ಓದಿದವ್ರು. ಇವ್ರೂ ಅಂದ್ರು!"

ನನಗ ನಗು ತಡಿಲಿಲ್ಲ. ಆಕಿಗೂ ತಡಿಲಿಲ್ಲ. ಅಂಗಡಿಯಾಂವ ಬರಿಗಾಲಿನ್ಯಾಗ ನಿಂತು ಇಬ್ಬರ ಮಾರಿ ನೋಡಿದ.

ಹಳಿ ಬಾಟ್ಲಿ ಅವನ ಕೈಯಾಗ ಕೊಟ್ಟೆ, ಕೆಟ್ಟ ಔಷಧಿ ಹಾಕೂ ಡಬ್ಬ್ಯಾಗ ಹಾಕಿದ. ಹಾಕೂಮುಂದ ಆಕಿ ಕಣ್ಣು ಮುಚ್ಚಿ ಕೈ ಮುಗದ್ಲು. ಪೂಜಿ ಆಕಿದು, ಮೈ ನಂದು.

ಸಂಜಿಕ ಹೊಸಾ ಔಷಧಿ ಚುಚ್ಚಿಕೊಂಡು ಉಂಡೆ. ಆಕಿ ಮದಿವಿ ಮಾತು ತಗೀಲಿಲ್ಲ, ನಾನೂ ತಗೀಲಿಲ್ಲ. ಜಗಲಿ ದೀಪ ಮಾತ್ರ ಒಂದ ಹಚ್ಚಿದ್ಲು, ಅದೂ ಸಣ್ಣದು.

ಮರುದಿನ ಮುಂಜಾನಿ ಕತ್ತಲಿದ್ದಾಗನ ಎದ್ದೆ. ಸೂಜಿ ಚುಚ್ಚಿಕೊಂಡೆ. ಆಕಿ ಬಿಸಿ ರೊಟ್ಟಿ ಬಡದು ಕೊಟ್ಲು, ಪುಂಡಿಪಲ್ಯಾದ ಕೂಡ ತಿಂದೆ. ಬಿಸಲು ಏರೂದ್ರೊಳಗ ಮುಂಡರಗಿ ಬಸ್ ಹತ್ತಿ, ಬಿಸಲು ಬೀಳದ ಬಾಜೂಕ ಸೀಟು ಹಿಡದು, ಇನ್ನೊಂದು ಸೀಟಿನ ಮ್ಯಾಲೆ ಸೆರಗು ಹಾಸಿದೆ. ಯಾಕಂದ್ರ ಆಕಿನೂ ಹೊಸಾ ಸೀರಿ ಉಟ್ಟು, ಛತ್ರಿ ಹಿಡಕೊಂಡು ನನ್ನ ಹಿಂದನ ಹತ್ತಾಕ ಹತ್ತಿದ್ಲು.