ಮುಟ್ಟಬಾರದ ಸಿಡಿ

ಸಿಡಿಯಕ್ಕನ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿತ್ತು. ಯಾರ ಸಿಡಿಯೇ ಬರಲಿ, ಮೊದಲು ನಕಲು, ಆಮೇಲೆ ಮಿಕ್ಕ ಮಾತು. ಅಸಲನ್ನು ಮೆತ್ತನೆ ಬಟ್ಟೆಯಿಂದ ಒರೆಸಿ ಕವರಿಗೆ ಹಾಕಿ ಬದಿಗಿಟ್ಟರೆ ಮುಗಿಯಿತು, ಆಮೇಲೆ ಅದನ್ನು ಮುಟ್ಟುವ ಹಾಗಿಲ್ಲ. ಹಳೆಯ ಕಂಪ್ಯೂಟರ್ ಆಟಗಳನ್ನು ಮತ್ತೆ ಓಡುವಂತೆ ಮಾಡಿಕೊಡುವುದು ಅವಳ ಕಸುಬು. ಜಪ್ಪಯ್ಯ ಅಂದರೂ ಏಳದ ಆಟಗಳನ್ನು ಹಠಕ್ಕೆ ಬಿದ್ದು ಎಬ್ಬಿಸುತ್ತಿದ್ದಳು. ಅವಳಿಗೂ ಸೊಪ್ಪು ಹಾಕದೆ ಉಳಿದದ್ದು ಒಂದೇ ಆಟ, ಅದೂ ಸ್ವಂತ ಮನೆಯದು.

ಏಳಲೇ ಇಲ್ಲ ಅನ್ನುವುದು ಸುಳ್ಳು. ಎದ್ದಿತು, ಆದರೆ ಮೂಕವಾಗಿ.

ಅವಳ ಅತ್ತೆ ಒಂದು ಕಾಲದಲ್ಲಿ ಬಸ್ ನಿಲ್ದಾಣದ ಮೈಕಿನ ಮುಂದೆ ಕೂರುತ್ತಿದ್ದವರು. ಅವರು ಬಾಯಿ ತೆರೆದರೆ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದವನೂ ಚೀಲ ಎತ್ತಿಕೊಂಡು ಓಡಬೇಕು, ಅಂಥ ಗಂಟಲು. ಆಟ ತಯಾರಿಸುವ ಸಣ್ಣದೊಂದು ಕಂಪನಿಯವರು ಬಸ್ಸಿಗೆ ಕಾಯುತ್ತಾ ಅದನ್ನು ಕೇಳಿ, ತಮ್ಮ ಆಟದ ರಾಣಿಗೆ ಇದೇ ದನಿ ಬೇಕೆಂದು ಕರೆದೊಯ್ದರು. ಆ ಆಟದಲ್ಲಿ ಕೋಟೆಯೊಂದನ್ನು ಗೆದ್ದಾಗಲೆಲ್ಲ ಆಟ ನಿಂತು ಪುಟ್ಟ ಸಿನಿಮಾ ಬರುತ್ತದೆ, ಅದರಲ್ಲಿ ರಾಣಿ ಮಾತಾಡುತ್ತಾಳೆ. ಮುಂದೆ ಗಂಟಲಿನ ಆಪರೇಷನ್ ಆಗಿ ಅತ್ತೆಯ ದನಿ ಪೂರ್ತಿ ಹೋಯಿತು. ಮೊಮ್ಮಗಳು ಹುಟ್ಟಿದ್ದು ಅದಾದ ಮೇಲೆ. ಅತ್ತೆಯ ದನಿ ಎಂಬುದೇನಾದರೂ ಉಳಿದಿದ್ದರೆ ಮನೆಯಲ್ಲಿದ್ದ ಆ ಆಟದ ಸಿಡಿಯಲ್ಲಿ ಮಾತ್ರ.

"ಅಮ್ಮಾ, ಅಜ್ಜಿ ಹೇಗೆ ಮಾತಾಡ್ತಿದ್ರು? ಮಾಡಿ ತೋರ್ಸು," ಎಂದು ಮಗಳು ಕಾಡುತ್ತಿದ್ದಳು. ಸಿಡಿಯಕ್ಕ ಗಂಟಲು ದಪ್ಪ ಮಾಡಿಕೊಂಡು ಏನೋ ಹೇಳಹೊರಟರೆ ಅತ್ತೆ ಹಣೆ ಚಚ್ಚಿಕೊಳ್ಳುತ್ತಿದ್ದರು.

ನಕಲಿನಲ್ಲಿ ರಾಣಿ ಕಿರೀಟ ತೊಟ್ಟು ಬಾಯಿ ಆಡಿಸುತ್ತಿದ್ದಳು, ಅಷ್ಟೇ. ವಿಡಿಯೊ ಓಡಿಸುವ ಸಾಫ್ಟ್‌ವೇರುಗಳನ್ನೆಲ್ಲ ಹಾಕಿ ನೋಡಿದ್ದಾಯಿತು.

"ಕೊನೇಲಿ ಅಮ್ಮನ ದನಿ ಹಾಕ್ಲೇ ಇಲ್ವೇನೋ ಅವರು. ಅಮ್ಮಂಗೆ ಸರಿಯಾಗಿ ನೆನಪಿಲ್ಲ ಅನ್ಸುತ್ತೆ," ಎಂದುಬಿಟ್ಟ ಗಂಡ. ಆ ದಿನ ಅತ್ತೆ ಊಟಕ್ಕೆ ಬರಲಿಲ್ಲ. ಬಂದಾಗ ಅಸಲು ಸಿಡಿಯಿದ್ದ ಕಪಾಟಿನತ್ತ ಬೆರಳು ತೋರಿಸಿದರು.

"ಅದರಲ್ಲಿರೋದೇ ಇದರಲ್ಲೂ ಇರೋದು ಅತ್ತೆ. ಅಸಲಿಗೆ ಏನಾದ್ರೂ ಆದ್ರೆ ಏನ್ಮಾಡೋಣ?" ಅಂದಳು ಸಿಡಿಯಕ್ಕ. ಅತ್ತೆ ಮುಖ ತಿರುಗಿಸಿಕೊಂಡರು.

ಒಂದು ಭಾನುವಾರ ಬೆಳಿಗ್ಗೆ ಪಕ್ಕದಂಗಡಿಯ ಗಡಿಯಾರ ರಿಪೇರಿಯವನು ತನ್ನ ಕಾರ್ ರೇಸಿನ ಆಟ ಹಿಡಿದು ಬಂದ. "ಅಕ್ಕಾ, ನಿಮ್ಮ ನಕಲಲ್ಲಿ ಹಾಡೇ ಇಲ್ವಲ್ಲ! ಸುಮ್ನೆ ಅಸಲನ್ನ ಹಾಡಿನ ಪ್ಲೇಯರ್‌ಗೆ ಹಾಕ್ದೆ. ಮೊದಲು ಕಿವಿ ಹರಿಯೋ ಹಾಗೆ ಕಿರ್ ಅಂತು. ಮುಂದಿನ ಹಾಡಿಗೆ ಒತ್ತಿದ್ರೆ ಎಲ್ಲಾ ಅಲ್ಲೇ ಇದೆ!"

ಸಿಡಿಯಕ್ಕನಿಗೆ ಆಗ ಹೊಳೆಯಿತು. ಆ ಕಾಲದ ಕೆಲವು ಆಟದ ಸಿಡಿಗಳಲ್ಲಿ ಮೊದಲ ಭಾಗ ಮಾತ್ರ ಕಂಪ್ಯೂಟರಿನ ಫೈಲುಗಳು, ಉಳಿದದ್ದು ಹಾಡಿನ ಸಿಡಿಯ ಥರವೇ ಬರೀ ಸದ್ದು. ಅವಳು ಫೈಲುಗಳನ್ನಷ್ಟೇ ನಕಲು ಮಾಡುತ್ತಿದ್ದಳು. ಚಿತ್ರವನ್ನು ಎತ್ತಿಕೊಂಡು ದನಿಯನ್ನು ಅಸಲಿನಲ್ಲೇ ಬಿಟ್ಟು, ಅದನ್ನು ಯಾರೂ ಮುಟ್ಟದಂತೆ ಕಾವಲು ಕಾದಿದ್ದಳು! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕಪಾಟು ತೆಗೆದು ಅಸಲನ್ನು ಕಿಟಕಿಗೆ ಹಿಡಿದಳು. ಅಂಚಿನಲ್ಲಿ ಹೊಳಪು ಕಿತ್ತುಹೋಗಿ ಅಲ್ಲಲ್ಲಿ ಸೂಜಿ ಚುಚ್ಚಿದಂತೆ ಬೆಳಕು ತೂರುತ್ತಿತ್ತು. ಇನ್ನು ಕಾದರೆ ಇದೂ ಇಲ್ಲ. ಹಿಂದೆ ಮುಂದೆ ನೋಡದೆ ಹಳೆಯ ಕಂಪ್ಯೂಟರಿಗೆ ಅದನ್ನೇ ಹಾಕಿ, ಮನೆಯವರನ್ನೆಲ್ಲ ಕರೆದು ಕೂರಿಸಿದಳು. ಮಗಳು ಮೊದಲ ಕೋಟೆ ಗೆದ್ದಳು. ರಾಣಿ ಬಂದಳು, ಬಾಯಿ ಆಡಿಸಿದಳು.

ಸದ್ದಿಲ್ಲ.

ಅತ್ತೆ ಎದ್ದು ಹೊರಟರು.

"ಅತ್ತೆ, ಕೂತ್ಕೊಳ್ಳಿ! ದಮ್ಮಯ್ಯ, ಒಂದು ನಿಮಿಷ!"

ಇಂಥ ಸದ್ದು ಕಂಪ್ಯೂಟರಿನ ಒಳಗೆ ಹೋಗಬೇಕಾದರೆ ಸಿಡಿ ಡ್ರೈವಿನಿಂದ ಒಂದು ತೆಳು ವೈರು ಬೇಕು. ಬೇಡದ ವೈರು ಎಂದು ತಾನೇ ಕಿತ್ತೆಸೆದದ್ದು ಅವಳಿಗೆ ಈಗ ನೆನಪಾಯಿತು. ಹೋಗಲಿ, ಡ್ರೈವಿನ ಮುಂಭಾಗದಲ್ಲೇ ಇಯರ್‌ಫೋನಿನ ತೂತಿದೆಯಲ್ಲ! ಸ್ಪೀಕರಿನ ಪಿನ್ನನ್ನು ಕಂಪ್ಯೂಟರಿನ ಹಿಂದಿನಿಂದ ಕಿತ್ತು ಅಲ್ಲಿಗೆ ಚುಚ್ಚಿದಳು. ಮಗಳು ಮತ್ತೆ ಕೋಟೆ ಗೆದ್ದಳು.

"ಕೋಟೆ ನಿನ್ನದಾಯಿತು! ಬಾಗಿಲು ಮುಚ್ಚಬೇಡ, ಇನ್ನೂ ಬರುವವರಿದ್ದಾರೆ!"

ಕಿಟಕಿಯ ಗಾಜು ಜುಂಯ್ ಎಂದಿತು. ರಾಣಿಗಿಂತ ಬಸ್ ನಿಲ್ದಾಣವೇ ಹೆಚ್ಚು ಕೇಳಿಸಿತು ಅದರಲ್ಲಿ. ಗಂಡ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಚಿಕ್ಕ ಹುಡುಗನ ಹಾಗೆ ಅತ್ತ. ಬಾಗಿಲಲ್ಲಿ ನಿಂತಿದ್ದ ಅತ್ತೆಯ ತುಟಿ ಒಂದಕ್ಷರ ತಪ್ಪದೆ ರಾಣಿಯ ಜೊತೆಗೇ ಆಡುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಸಿಡಿಯಕ್ಕನಿಗೆ ಹೊಟ್ಟೆ ತುಂಬಿದಂತಾಯಿತು. ಸದ್ದೂ ಸೇರಿದ ಸರಿಯಾದ ನಕಲನ್ನು ಆ ಮಧ್ಯಾಹ್ನವೇ ಮಾಡಿದಳು, ಆದರೆ ಅದು ಆಮೇಲಿನ ಮಾತು.

ಮಗಳು ಮಾತ್ರ ಕಣ್ಣರಳಿಸಿ ಕೂತಿದ್ದಳು. "ಅಜ್ಜೀ, ಇದು ನನ್ನ ಗಂಟಲೇ! ಕ್ಲಾಸಲ್ಲಿ ಎಲ್ಲರೂ ಮೆತ್ತಗೆ ಮಾತಾಡು, ಮೆತ್ತಗೆ ಮಾತಾಡು ಅಂತಾರಲ್ಲ, ಅದೇ!"

ಅತ್ತೆ ಬಂದು ಮೊಮ್ಮಗಳ ಎದುರು ಮಂಡಿಯೂರಿ ಕೂತು, ಹೇಳು ಎಂದು ಕೈಸನ್ನೆ ಮಾಡಿದರು.

"ಕೋಟೆ ನಿನ್ನದಾಯಿತು," ಅಂದಳು ಹುಡುಗಿ, ನಾಚಿಕೊಂಡು.

ಅಜ್ಜಿ ಸಾಲದು ಎಂಬಂತೆ ತಲೆಯಾಡಿಸಿ, ಅವಳ ಗಲ್ಲ ಹಿಡಿದೆತ್ತಿ, ಇನ್ನೊಂದು ಕೈಯಿಂದ ಕಿಟಕಿಯಾಚೆಯ ರಸ್ತೆ ತೋರಿಸಿದರು: ಅಲ್ಲಿಯವರೆಗೂ ಕೇಳಿಸಬೇಕು.